‘ಟೀಚರ್, ಅವನು ಬಂದಿಲ್ಲ, ಪಕ್ಕದವನನ್ನು ಕೇಳಲಾ?’

ಕಳೆದ ಜುಲೈಯಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಸಮೀಕ್ಷೆ ಕೊಟ್ಟಿದ್ದೆ. ಮನೆಯಿಂದ ಶಾಲೆಗೆ ಬರಲು ಎಷ್ಟು ನಿಮಿಷ ಬೇಕು? ನಲವತ್ತು ಜನರನ್ನು ಕೇಳಿ, ಸರಾಸರಿ ತೆಗೆಯಿರಿ, ಸ್ತಂಭಾಲೇಖ ಬರೆಯಿರಿ. ಇಷ್ಟೇ ಹೇಳಿದ್ದು. ಉಡುಪಿಯ ಮಳೆ ಗೊತ್ತಲ್ಲ, ಅವತ್ತು ಬೆಳಗ್ಗಿನಿಂದ ಬಿಡದೆ ಸುರಿಯುತ್ತಿತ್ತು. ಡಿಸಿ ರಜೆ ಕೊಡುತ್ತಾರೆ ಅಂತ ಕಾದದ್ದೇ ಬಂತು, ಕೊಡಲಿಲ್ಲ. ಶಾಲೆಗೆ ಬಂದ ಮಕ್ಕಳಲ್ಲಿ ಸಿಕ್ಕ ನಲವತ್ತು ಜನರನ್ನು ಕೇಳಿ ಉತ್ತರ ತಂದರು. ಸರಾಸರಿ 14 ನಿಮಿಷ.

ಚಾರ್ಟ್ ಬಣ್ಣ ಬಣ್ಣವಾಗಿ ಚೆನ್ನಾಗಿತ್ತು. ಗೋಡೆಗೆ ಅಂಟಿಸಿದೆ. ಎರಡು ದಿನ ಬಿಟ್ಟು ಕುದ್ರುವಿನ, ಅಂದರೆ ನದಿ ನಡುವಿನ ದ್ವೀಪದ, ಹುಡುಗನೊಬ್ಬ ಅದರ ಮುಂದೆ ನಿಂತಿದ್ದ. ‘ಟೀಚರ್, ನನಗೆ ಒಂದು ಗಂಟೆ ಬೇಕು. ಇದರಲ್ಲಿ ಇಲ್ಲ’ ಅಂದ. ಸ್ವರ್ಣಾ ನದಿಯ ನಡುವಿನ ಕುದ್ರುವಿನಿಂದ ಅವನು ದೋಣಿಯಲ್ಲಿ ಬರಬೇಕು. ಆಮೇಲೆ ನಡಿಗೆ, ಆಮೇಲೆ ಬಸ್ಸು. ನೀರು ಏರಿದ ದಿನ ದೋಣಿ ಬಿಡುವುದಿಲ್ಲ. ಅಂದರೆ ನಾವು ಕೇಳಿದ ದಿನ ಅವನು ಶಾಲೆಯಲ್ಲೇ ಇರಲಿಲ್ಲ. ದೂರದಿಂದ ಬರುವ ಮಕ್ಕಳಲ್ಲಿ ಹೆಚ್ಚಿನವರು ಅವತ್ತು ಇರಲಿಲ್ಲ. ‘ಬರಲು ಎಷ್ಟು ಹೊತ್ತು ಬೇಕು’ ಅಂತ ನಾವು ಕೇಳಿದ್ದು ಸುಲಭವಾಗಿ ಬರಲು ಆಗುವವರನ್ನು ಮಾತ್ರ.

ತಪ್ಪು ಮಕ್ಕಳದ್ದಲ್ಲ, ನನ್ನದು. ಸರಾಸರಿ, ಮಧ್ಯಾಂಕ (ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು), ಬಹುಲಕ (ಹೆಚ್ಚು ಸಲ ಬರುವುದು) ಎಲ್ಲ ಬೋರ್ಡಿನ ಮೇಲೆ ಮೂರು ಸಲ ಹೇಳಿಕೊಟ್ಟಿದ್ದೆ. ಯಾರನ್ನು ಕೇಳಬೇಕು ಅನ್ನುವುದನ್ನು ಒಂದು ಸಲವೂ ಹೇಳಿರಲಿಲ್ಲ.

ಮತ್ತೆ ಮಾಡಿದೆವು. ಈ ಸಲ ಶುರು ಮಾಡಿದ್ದು ಹಾಜರಿ ಪುಸ್ತಕದಿಂದ. ಎಂಟು, ಒಂಬತ್ತು, ಹತ್ತು ಸೇರಿ 240 ಮಕ್ಕಳು. ಎಲ್ಲರಿಗೂ ಒಂದರಿಂದ 240ರವರೆಗೆ ನಂಬರ್ ಕೊಟ್ಟೆವು. ನಮಗೆ ಬೇಕಾದದ್ದು 40, ಅಂದರೆ ಆರರಲ್ಲಿ ಒಬ್ಬರು. ಒಂದರಿಂದ ಆರರವರೆಗೆ ಚೀಟಿ ಬರೆದು, ಮಡಚಿ, ಊಟದ ಬಟ್ಟಲಿಗೆ ಹಾಕಿ ಕುಲುಕಿದರು. ನಾಲ್ಕು ಬಂತು. ಹಾಗಾಗಿ 4, 10, 16, 22 ಹೀಗೆ 238ರವರೆಗೆ. ಪಟ್ಟಿ ಕ್ಲಾಸಿನ ಕ್ರಮದಲ್ಲೇ ಇದ್ದ ಕಾರಣ ಮೂರೂ ಕ್ಲಾಸಿಗೂ ಅದರದರ ಪಾಲು ತಾನಾಗಿಯೇ ಸಿಕ್ಕಿತು.

ನಿಜವಾದ ಪಾಠ ಶುರುವಾದದ್ದು ಇಲ್ಲಿ. ಪಟ್ಟಿ ಹಿಡಿದು ಹೊರಟ ಮಕ್ಕಳು ಹತ್ತೇ ನಿಮಿಷದಲ್ಲಿ ವಾಪಸ್ ಬಂದರು. ‘ಟೀಚರ್, 58ನೇ ನಂಬರಿನವನು ಬಂದಿಲ್ಲ, ಪಕ್ಕದವನನ್ನು ಕೇಳಲಾ?’ ಬೇಡ ಅಂದೆ. ಯಾಕೆ ಬೇಡ ಅಂತ ನಾನು ವಿವರಿಸುವ ಮೊದಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಮ್ಮ ಮಲ್ಪೆಯಿಂದ ಮೀನು ತಂದು ಮನೆ ಮನೆಗೆ ಮಾರುವವರು. ‘ಬೂತಾಯಿ ಬುಟ್ಟಿಯಲ್ಲಿ ಮೇಲಿನ ಸಾಲು ಯಾವಾಗಲೂ ತಾಜಾ ಇರ್ತದೆ ಟೀಚರ್. ಅಮ್ಮ ಅದನ್ನು ನೋಡುವುದೇ ಇಲ್ಲ. ಐಸ್ ಸರಿಸಿ ಅಡಿಗೆ ಕೈ ಹಾಕಿ ಎರಡು ತೆಗೆದು ಕಿವಿರು ಬಿಡಿಸಿ ನೋಡ್ತಾರೆ. ಕೆಂಪಿದ್ದರೆ ಮಾತ್ರ ರೇಟು ಮಾತಾಡುವುದು.’ ಸುಲಭವಾಗಿ ಸಿಗುವ ಪಕ್ಕದವನನ್ನು ಕೇಳುವುದೂ ಮೇಲಿನ ಸಾಲನ್ನು ಮಾತ್ರ ನೋಡಿದ ಹಾಗೆ. ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಇಷ್ಟು ಸ್ಪಷ್ಟವಾಗಿ ನಾನು ಯಾವತ್ತೂ ಹೇಳಿಲ್ಲ.

ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯ ಕಥೆಯೂ ಇದೇ ಅಲ್ವಾ. 1936ರ ಅಧ್ಯಕ್ಷ ಚುನಾವಣೆಗೆ ಅದು ಯಾರಿಗೆ ಓಟು ಹಾಕುತ್ತೀರಿ ಅಂತ ಕೇಳಿ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಚೀಟಿ ಕಳಿಸಿತ್ತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಗೆದ್ದದ್ದು ರೂಸ್‌ವೆಲ್ಟ್, ಅದೂ ಆಗಿನ 48 ರಾಜ್ಯಗಳಲ್ಲಿ 46ರಲ್ಲಿ. ಚೀಟಿ ಹೋದದ್ದು ಹೆಚ್ಚಾಗಿ ಫೋನು, ಕಾರು ಇದ್ದವರ, ಅಂದರೆ ಉಳ್ಳವರ ಮನೆಗೆ. ವಾಪಸ್ ಕಳಿಸಿದ್ದು ಅವರಲ್ಲೂ ಕಾಲು ಭಾಗದಷ್ಟು ಜನ ಮಾತ್ರ. ಎಷ್ಟು ಜನ ಉತ್ತರ ಕೊಟ್ಟರು ಅಂತ ನೋಡಿ ನಂಬಿದವರು, ಯಾರು ಕೊಡಲಿಲ್ಲ ಅಂತ ನೋಡಲಿಲ್ಲ.

ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1930ರ ದಶಕದಲ್ಲೇ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ, ಅಂದರೆ ಎಲ್ಲವನ್ನೂ ಅಲ್ಲ, ಆರಿಸಿದ ಕೆಲವನ್ನು ಮಾತ್ರ ನೋಡಿ, ಅಳೆಯಲು ಹೊರಟಿದ್ದರು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆಯೂ ಅವರೇ. ಅವರದೊಂದು ಉಪಾಯ ನನಗೆ ತುಂಬಾ ಇಷ್ಟ. ಒಂದೇ ಪ್ರದೇಶದಿಂದ ಎರಡು ಬೇರೆ ಬೇರೆ ಮಾದರಿ ತೆಗೆದು, ಬೇರೆ ಬೇರೆ ತಂಡಗಳಿಂದ ಅಳೆಸುವುದು. ಎರಡರ ಉತ್ತರ ಹತ್ತಿರ ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ. ಇದನ್ನು ಯಾವ ಶಾಲೆಯೂ ಮಾಡಬಹುದು. ಒಂದು ಪೈಸೆ ಖರ್ಚಿಲ್ಲ. ಮಕ್ಕಳು ರಾತ್ರಿ ಮನೆಯಲ್ಲಿ ಕೂತು ಸುಮ್ನೆ ಅಂಕಿ ತುಂಬಿಸಿ ತರುವುದೂ ಇದರಿಂದ ಕಡಿಮೆಯಾಗುತ್ತದೆ. ಹೌದು, ತುಂಬಿಸಿ ತರುತ್ತಾರೆ. ನಾವು ಚಾರ್ಟಿನ ಅಂದಕ್ಕೆ ಅಂಕ ಕೊಟ್ಟರೆ ಅವರು ಚಾರ್ಟನ್ನೇ ತರುತ್ತಾರೆ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ದಯವಿಟ್ಟು ಕ್ಲಾಸಿನಲ್ಲಿ ಕೈ ಎತ್ತಿಸಿ ಸಮೀಕ್ಷೆ ಮಾಡಬೇಡಿ. ಏಪ್ರಿಲ್‌ನಲ್ಲಿ ಯಾರ ಮನೆ ಬಾವಿ ಬತ್ತುತ್ತದೆ ಅಂತ ಒಮ್ಮೆ ಹಾಗೆ ಕೇಳಿದ್ದೆ. ಒಬ್ಬಳು ಅರ್ಧ ಕೈ ಎತ್ತಿದಳು. ಆಚೀಚೆ ನೋಡಿದಳು. ಯಾರ ಕೈಯೂ ಮೇಲಿರಲಿಲ್ಲ. ಕೂದಲು ಸರಿ ಮಾಡಿಕೊಂಡ ಹಾಗೆ ಮಾಡಿ ಕೈ ಇಳಿಸಿದಳು. ಅದೇ ಪ್ರಶ್ನೆಯನ್ನು ಮರುದಿನ ಹೆಸರಿಲ್ಲದ ಚೀಟಿಯಲ್ಲಿ ಬರೆಸಿ ಡಬ್ಬಕ್ಕೆ ಹಾಕಿಸಿದೆ. ಹನ್ನೊಂದು ಚೀಟಿಯಲ್ಲಿ ‘ಬತ್ತುತ್ತದೆ’ ಅಂತ ಇತ್ತು. ಪ್ರಶ್ನೆ ಸರಿ ಇದ್ದರೂ ಕೇಳುವ ರೀತಿ ಸರಿ ಇಲ್ಲದಿದ್ದರೆ ಉತ್ತರ ಸುಳ್ಳಾಗುತ್ತದೆ. ಅದರ ಜೊತೆ ಒಂದು ಮಗುವಿಗೆ ನೋವೂ ಆಗುತ್ತದೆ.

ಆಂತರಿಕ ಅಂಕ ಕೊಡುವ ಟೀಚರ್‌ಗಳಲ್ಲಿ, ಮನೆಯಲ್ಲಿ ಪ್ರಾಜೆಕ್ಟ್ ಮಾಡಿಸುವ ಅಪ್ಪ ಅಮ್ಮಂದಿರಲ್ಲಿ ನನ್ನ ವಿನಂತಿ ಇಷ್ಟೇ. ಚಾರ್ಟ್ ನೋಡುವ ಮೊದಲು ಪಟ್ಟಿ ಕೇಳಿ. ಎಷ್ಟು ಜನರಲ್ಲಿ ಎಷ್ಟು ಜನರನ್ನು ಆರಿಸಿದೆ, ಹೇಗೆ ಆರಿಸಿದೆ, ಯಾರು ಸಿಗಲಿಲ್ಲ? ಅರ್ಧ ಅಂಕ ಇದಕ್ಕೇ ಕೊಡಿ.

ನಮ್ಮ ಎರಡನೇ ಸುತ್ತಿನಲ್ಲಿ ಸರಾಸರಿ 23 ನಿಮಿಷ ಬಂತು. ಮಧ್ಯಾಂಕ 17. ಎರಡರ ನಡುವೆ ಯಾಕಿಷ್ಟು ಅಂತರ ಅಂತ ಮಕ್ಕಳೇ ಕೇಳಿದರು. ದೂರದ ಕೆಲವೇ ಮನೆಗಳು ಸರಾಸರಿಯನ್ನು ಎಳೆದಿವೆ ಅಂತ ಮಕ್ಕಳೇ ಕಂಡುಹಿಡಿದರು. ಮೊದಲ ದಿನ ಸಿಗದಿದ್ದವರು ಐವರು. ಅವರ ಹೆಸರಿನ ಮುಂದೆ ‘ಇನ್ನೂ ಕೇಳಿಲ್ಲ’ ಅಂತ ಬರೆದಿಟ್ಟಿದ್ದರು. ಮೂವರು ಮರುದಿನ ಬಂದರು. ಉಳಿದ ಇಬ್ಬರು ಕುದ್ರುವಿನವರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆ ಮೀನು ಮಾರುವವರ ಮಗಳು ಮತ್ತು ಅವಳ ಗೆಳತಿ ನನ್ನ ಜೊತೆ ಕಡವಿಗೆ ಬಂದರು. ದೋಣಿ ಆಚೆ ದಡದಲ್ಲಿತ್ತು. ಕಾದೆವು. ದೋಣಿ ಹತ್ತುವ ಮೊದಲು ಅವಳು ವಾಚ್ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು: ‘ಕಾಯಲು 20 ನಿಮಿಷ.’