ಸ್ಪಷ್ಟನೆ: ರೆಡಿಸ್‌ಗೆ ಪಾಸ್‌ವರ್ಡ್ ಇದ್ದರಷ್ಟೇ ಸಾಲದು

ರೆಡಿಸ್ ಎಂದರೆ ಆ್ಯಪ್‌ಗಳ ಡೇಟಾವನ್ನು ಮೆಮೊರಿಯಲ್ಲಿಟ್ಟು ಬೇಗ ಕೊಡುವ ಡೇಟಾಬೇಸ್ ಸಾಫ್ಟ್‌ವೇರ್. "ರೆಡಿಸ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಸಾಕು, ಅಪ್‌ಡೇಟ್ ಬೇಡ" ಎಂಬ ಮೆಸೇಜ್ ಮಂಗಳೂರು, ಮಣಿಪಾಲದ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಮೊದಲು ಬರೆದವನು ನಾನೇ. ಅದು ತಪ್ಪು, ಕ್ಷಮಿಸಿ.

2025ರ ಅಕ್ಟೋಬರ್‌ನಲ್ಲಿ ರೆಡಿಸ್‌ನ ಒಂದು ಭದ್ರತಾ ದೋಷ ಬಹಿರಂಗವಾಯಿತು; ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2025-49844. ರೆಡಿಸ್‌ನೊಳಗೆ ಲುವಾ ಎಂಬ ಭಾಷೆಯ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಓಡಿಸುವ ಎಂಜಿನ್, ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಮುಟ್ಟುವಂತೆ ಸ್ಕ್ರಿಪ್ಟ್ ಬರೆಯಬಹುದು. ಬಾಡಿಗೆ ಮನೆ ಖಾಲಿ ಮಾಡಿದವನ ಕೈಯಲ್ಲಿ ಬೀಗದ ಕೈ ಉಳಿದ ಹಾಗೆ. ಆ ದಾರಿಯಲ್ಲಿ ದಾಳಿಕೋರನಿಗೆ ಸರ್ವರ್‌ನಲ್ಲಿ ತನಗೆ ಬೇಕಾದ ಕೋಡ್ ಓಡಿಸಲು ಸಾಧ್ಯ. ಇದಕ್ಕೆ ಲಾಗಿನ್ ಬೇಕು ಎಂಬುದು ನಿಜ. ಅಷ್ಟನ್ನೇ ಓದಿ ನಾನು ಎಡವಿದೆ. ಪಾಸ್‌ವರ್ಡ್ ಎಷ್ಟೋ ಕಡೆ ಆ್ಯಪ್‌ನ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲಿನಲ್ಲೇ ಕೂತಿರುತ್ತದೆ. ಅದು ಸೋರಿದರೆ ಮುಗಿಯಿತು.

ನಿನ್ನೆ ಬಲ್ಮಠದ ನಮ್ಮ ಆಫೀಸಿನ ಸರ್ವರ್ ತೆರೆದು ನೋಡಿದೆ: ರೆಡಿಸ್ 7.2.4. ಪಾಸ್‌ವರ್ಡೂ ಇತ್ತು, ದೋಷವೂ ಇತ್ತು.

ರೆಡಿಸ್ ಸಂಸ್ಥೆಯ ಪ್ರಕಟಣೆಯಂತೆ ಸರಿಪಡಿಸಿದ ಆವೃತ್ತಿಗಳು 8.2.2, 8.0.4, 7.4.6, 7.2.11 ಮತ್ತು 6.2.20. ನಿಮ್ಮದು ತನ್ನದೇ ಸರಣಿಯ (7.2, 7.4 ಹೀಗೆ) ಸರಿಪಡಿಸಿದ ಆವೃತ್ತಿಗಿಂತ ಹಳೆಯದಾದರೆ ಇವತ್ತೇ ಬದಲಿಸಿ. ತಡವಾಗುವುದಾದರೆ ಎಸಿಎಲ್‌ನಲ್ಲಿ (ಯಾರು ಯಾವ ಕಮಾಂಡ್ ಬಳಸಬಹುದು ಎಂಬ ರೆಡಿಸ್‌ನ ಅನುಮತಿ ಪಟ್ಟಿ) ಲುವಾ ಸ್ಕ್ರಿಪ್ಟ್ ಓಡಿಸುವ ಇವಾಲ್ (EVAL), ಇವಾಲ್‌ಶಾ (EVALSHA) ಕಮಾಂಡ್‌ಗಳನ್ನು ತಡೆಹಿಡಿಯಿರಿ.

ಹಳೇ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.