ಒಂದೇ ದಿನದಲ್ಲಿ ಬಸವಣ್ಣ, ಮಧ್ಯಾಹ್ನದ ಊಟ ಸೇರಿ

ಕಳೆದ ತಿಂಗಳು ನಮ್ಮ ಆಫೀಸಿನವರು ಹನ್ನೆರಡು ಜನರನ್ನು ಮಹಾಪುರುಷರಾಗಿ ಬನ್ನಿ ಅಂತ ಕಳಿಸಿದರು. ಔಟರ್ ರಿಂಗ್ ರೋಡಿನ ಒಂದು ಹೋಟೆಲು. ಬೆಳಗ್ಗೆ ಒಂಬತ್ತೂವರೆಗೆ ಮಾಮೂಲಿ ಮನುಷ್ಯರಾಗಿ ಒಳಗೆ ಹೋಗಬೇಕು, ಸಂಜೆ ಐದೂವರೆಗೆ ವರ್ಚಸ್ವಿ ನಾಯಕರಾಗಿ ಹೊರಗೆ ಬರಬೇಕು. ತಲೆಗೆ 18,000 ರೂಪಾಯಿ, ಜಿಎಸ್‌ಟಿ ಬೇರೆ.

ಕೋರ್ಸಿನ ಹೆಸರಲ್ಲಿದ್ದ 'ಕರಿಸ್ಮಾ' ಗ್ರೀಕ್ ಮೂಲದ್ದು. ದೇವರು ಕೊಟ್ಟ ವರ ಅಂತ ಅರ್ಥ. ಅದನ್ನು ನಾಯಕತ್ವದ ಚರ್ಚೆಗೆ ತಂದವನು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್. ಇದನ್ನು ಕಲಿಸೋಕೂ ಆಗಲ್ಲ, ಕಲಿಯೋಕೂ ಆಗಲ್ಲ ಅಂತ ಬರೆದಿಟ್ಟು ಅವನು 1920ರಲ್ಲಿ ತೀರಿಕೊಂಡ. ಪಾಪ, ಬೆಂಗಳೂರು ನೋಡಿರಲಿಲ್ಲ. ಇಲ್ಲಿ ದೇವರ ವರಕ್ಕೂ ಶೇ. 18 ತೆರಿಗೆ ಹಾಕಿ ಬಿಲ್ ಕೊಡುತ್ತಾರೆ.

ಟ್ರೈನರ್ ಕಿವಿಗೆ ಮೈಕ್ ಸಿಕ್ಕಿಸಿಕೊಂಡು ಓಡುತ್ತಲೇ ವೇದಿಕೆ ಹತ್ತಿದರು. ಮೊದಲ ಕೆಲಸ, ಎಲ್ಲರೂ ಸೊಂಟದ ಮೇಲೆ ಕೈ ಇಟ್ಟು ಎರಡು ನಿಮಿಷ ನಿಲ್ಲೋದು. ಹಾಗೆ ನಿಂತರೆ ಒಳಗಿನ ನಾಯಕ ಎದ್ದೇಳುತ್ತಾನಂತೆ. ನಮ್ಮ ಮನೆಯಲ್ಲಿ ಆ ಭಂಗಿಯಲ್ಲಿ ನಿಲ್ಲೋದು ನಮ್ಮಮ್ಮ, ನಾನು ಹಾಲು ಉಕ್ಕಿಸಿದಾಗ. ನನ್ನೊಳಗಿನ ನಾಯಕ ಅದನ್ನು ನೆನೆಸಿಕೊಂಡು ಮತ್ತೆ ಮುಸುಕು ಹಾಕಿ ಮಲಗಿದ.

ಆಮೇಲೆ ಸ್ಲೈಡ್‌ಗಳು. 'ಮಾತಿನಲ್ಲೇ ಜನರನ್ನು ಗೆಲ್ಲೋದು ಹೇಗೆ' ಅಂತ ಮೋಶೆ, ಪಕ್ಕದಲ್ಲಿ ಗಾಂಧಿ. ಬೈಬಲ್ಲಿನ ಮೋಶೆಯೋ, ನನಗೆ ಮಾತು ಸರಾಗವಾಗಿ ಬರಲ್ಲ, ಬೇರೆ ಯಾರನ್ನಾದರೂ ಕಳಿಸು ಅಂತ ದೇವರ ಹತ್ತಿರವೇ ಗೋಗರೆದವನು. ಕೊನೆಗೆ ಅಣ್ಣ ಆರೋನನೇ ಮಾತಾಡಬೇಕಾಯಿತು. ತನ್ನವರನ್ನು ಗುಲಾಮಗಿರಿಯಿಂದ ಬಿಡಿಸಿ ಹೊಸ ನಾಡಿಗೆ ಒಯ್ಯುವ ಪ್ರಾಜೆಕ್ಟ್ 40 ವರ್ಷ ಎಳೆದದ್ದು ಬೇರೆ ಮಾತು. ಇನ್ನು ಗಾಂಧಿ, ಮುಂಬಯಿಯ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ತಲೆ ಸುತ್ತಿ ಬಂದು, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕೂತರು. ಫೀ 30 ರೂಪಾಯಿ ವಾಪಸ್ ತಗೊಳ್ಳಿ ಅಂದರು. ನಮ್ಮ ರಸೀದಿಯ ಕೆಳಗೆ ಸಣ್ಣಕ್ಷರದಲ್ಲಿ 'ಹಣ ಹಿಂದಿರುಗಿಸಲಾಗುವುದಿಲ್ಲ' ಅಂತಿತ್ತು.

ಅಶೋಕ ಬಂದದ್ದು 'ಪರ್ಸನಲ್ ಬ್ರ್ಯಾಂಡಿಂಗ್' ಪಾಠದಲ್ಲಿ. ನನಗೆ ಕಾಫಿ ನೆತ್ತಿಗೇರಿತು. ದೇಶದ ಉದ್ದಗಲಕ್ಕೆ ಬಂಡೆಗಳ ಮೇಲೆ ಬರೆಸಿದ ಮನುಷ್ಯ ಹೆಚ್ಚುಕಡಿಮೆ ಎಲ್ಲ ಕಡೆ ತನ್ನ ಹೆಸರನ್ನೇ ಹಾಕಿಸಿಲ್ಲ. ಬರೀ 'ದೇವಾನಾಂಪ್ರಿಯ'. (ಅದೇನು ಸಣ್ಣ ಬಿರುದಲ್ಲ ಬಿಡಿ.) ಆ ದೇವಾನಾಂಪ್ರಿಯನೇ ಅಶೋಕ ಅಂತ ಖಚಿತವಾಗಲು 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಹೆಸರಿರುವ ಶಾಸನ ಸಿಗಬೇಕಾಯಿತು. ನಮ್ಮ ಬಡಾವಣೆಯ ಬಸ್ ಸ್ಟಾಪಿಗೆ ಆ ಗತಿ ಇಲ್ಲ. ಯಾವ ಬಸ್ ಬರುತ್ತೆ ಅಂತ ಎಲ್ಲೂ ಬರೆದಿಲ್ಲ, ಯಾರ ಅನುದಾನ ಅಂತ ನಾಲ್ಕೂ ಕಡೆ ಬರೆದಿದೆ. ಪಕ್ಕದಲ್ಲೇ ಯುವ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್. ಕೂಲಿಂಗ್ ಗ್ಲಾಸು, ಕೈಮುಗಿದ ಭಂಗಿ, ಕೆಳಗೆ ಶುಭ ಕೋರುವವರ ಇಪ್ಪತ್ತು ತಲೆ. ಹಿಂದೆ ಬುದ್ಧ, ಬಸವ, ಅಂಬೇಡ್ಕರ್ ಮೂವರೂ ಸ್ಟ್ಯಾಂಪ್ ಸೈಜಿನಲ್ಲಿ. ಈ ಯುವ ನಾಯಕರು ಯಾವ ಕೋರ್ಸಿಗೂ ಹೋದವರಲ್ಲ, ಅದು ರಕ್ತದಲ್ಲೇ ಬಂದಿದೆ.

ಅಶೋಕನ ಇನ್ನೊಂದು ಮಾತನ್ನು ಟ್ರೈನರ್ ತುಂಬಾ ಮೆಚ್ಚಿ ಹೇಳಿದರು. ನಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ವಿಷಯ ಇದ್ದರೆ ಬಂದು ತಿಳಿಸಿ ಅಂತ ಅವನ ಶಾಸನದಲ್ಲಿದೆ. ನಮ್ಮ ಮ್ಯಾನೇಜರ್ ಪಟಪಟ ಬರೆದುಕೊಂಡರು. ಅವರಿಗೆ ಅರ್ಥವಾದದ್ದು ಸ್ವಲ್ಪ ಉಲ್ಟಾ. ಈಗ ನಾವು ಊಟಕ್ಕೆ ಕೂತಾಗ ಅವರು ಫೋನ್ ಮಾಡುತ್ತಾರೆ.

ಮಧ್ಯಾಹ್ನ ಗೋಬಿ ಮಂಚೂರಿ, ಜಾಮೂನು. ಊಟವಾದ ಮೇಲೆ ಬಸವಣ್ಣ.

ಸ್ಲೈಡಿನಲ್ಲಿ ಕೋಟು ಹಾಕಿದವರ ಗುಂಪು ಮೀಟಿಂಗ್ ಟೇಬಲ್ ಸುತ್ತ ನಗುತ್ತಿತ್ತು. ಮೇಲೆ 'ಅನುಭವ ಮಂಟಪ: ಜಗತ್ತಿನ ಮೊದಲ ಟೌನ್‌ಹಾಲ್ ಮೀಟಿಂಗ್'. ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದರಲ್ಲ, ಅದನ್ನು 'ಸಿಎಫ್ಒ' ಮಾಡಿದ್ದರು. 'ಎನಗಿಂತ ಕಿರಿಯರಿಲ್ಲ' ಅಂದವರ ಫೋಟೋ ಕೆಳಗೆ 'ಬೀ ದ ಟಾಲೆಸ್ಟ್ ಇನ್ ದ ರೂಮ್'. ಆಮೇಲೆ ಹರಳಯ್ಯನ ಕಥೆ. ಹರಳಯ್ಯ ಶರಣು ಅಂದ, ಬಸವಣ್ಣ ತಿರುಗಿ ಶರಣು ಶರಣಾರ್ಥಿ ಅಂದರು. "ನೋಡಿ, ಒಂದು ಕೊಟ್ಟರೆ ಎರಡು ವಾಪಸ್. ಇದೇ ಎಂಪತಿ!" ಇಷ್ಟು ಹೇಳಿ ಅವರು ಕೈ ಚಾಚಿದರು. ಹೋಟೆಲ್ ಹುಡುಗ ನೀರಿನ ಬಾಟಲಿ ತಂದು ಆ ಕೈಗಿಟ್ಟ. ಅವರು ಅವನ ಕಡೆ ನೋಡಲೇ ಇಲ್ಲ, ಮುಚ್ಚಳ ತೆಗೆದು ವಾಪಸ್ ಅವನ ಕೈಗೇ ಕೊಟ್ಟರು.

ಹಿಂದಿನ ಸಾಲಿನಿಂದ ನಮ್ಮ ಅಕೌಂಟ್ಸ್ ಹುಡುಗ ಎದ್ದ. ಬಸವಕಲ್ಯಾಣದವನು.

"ಸರ್, ಮುಂದಿಂದು ಹೇಳಲೇ ಇಲ್ರಿ ನೀವು. ಆ ಹರಳಯ್ಯಂದು ಕೊನಿಗಿ ಏನಾತ್ರಿ?"

ಟ್ರೈನರ್ ಸ್ಲೈಡ್ ಹಿಂದೆ ಮುಂದೆ ಮಾಡಿದರು. ಅದರಲ್ಲಿರಲಿಲ್ಲ. ಹುಡುಗನೇ ಹೇಳಿದ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು. ಬಿಜ್ಜಳ ಇಬ್ಬರು ಬೀಗರಿಗೂ ಎಳೆಹೂಟೆ ಶಿಕ್ಷೆ ಕೊಟ್ಟ, ಆನೆ ಕಾಲಿಗೆ ಕಟ್ಟಿ ಎಳೆಸಿದ. ಬಸವಣ್ಣ ಹುದ್ದೆ ಬಿಟ್ಟು ಕೂಡಲಸಂಗಮಕ್ಕೆ ಹೋದರು, ಶರಣರು ದಿಕ್ಕಾಪಾಲಾದರು. ನಮ್ಮೂರಲ್ಲಿ ಸಣ್ಣ ಹುಡುಗ್ರಿಗೂ ಗೊತ್ತದರಿ ಇದು, ಅಂದ.

ಹಾಲಿನಲ್ಲಿ ಎಸಿಯ ಸದ್ದು ಬಿಟ್ಟರೆ ಏನಿಲ್ಲ. ಎಚ್ಆರ್ ಮೇಡಂ ಮೊಬೈಲ್ ನೋಡತೊಡಗಿದರು.

"ಗ್ರೇಟ್ ಪಾಯಿಂಟ್," ಅಂದರು ಟ್ರೈನರ್. "ಇದನ್ನ ಆಫ್‌ಲೈನ್ ಮಾತಾಡೋಣ."

ಆಫ್‌ಲೈನ್ ಎಲ್ಲಿ ಬಂತು, ಐದೂವರೆಗೆ ಸರ್ಟಿಫಿಕೇಟ್ ಹಂಚಿ ಅವರು ಏರ್‌ಪೋರ್ಟಿಗೆ ಓಡಿದರು. ಎಲ್ಲರಿಗೂ 'ಪ್ರಮಾಣೀಕೃತ ವರ್ಚಸ್ವಿ ನಾಯಕ' ಅಂತ ಬಂತು. ಕಲ್ಯಾಣದ ಹುಡುಗನಿಗೂ ಬಂತು, ಜೊತೆಗೆ ಒಂದು ಶರಾ: 'ಕೇಳಿಸಿಕೊಳ್ಳುವ ಗುಣ ಸುಧಾರಿಸಬೇಕು.'

ಸೋಮವಾರ ಆಫೀಸಿನ ಲಿಫ್ಟಿನಲ್ಲಿ ನಮ್ಮ ಮ್ಯಾನೇಜರ್ ಸಿಕ್ಕಿದರು. ಕಲಿತದ್ದನ್ನು ಪರೀಕ್ಷೆ ಮಾಡೋಣ ಅಂತ ಕೈಮುಗಿದು "ಶರಣು ಸರ್" ಅಂದೆ. ಎರಡು ವಾಪಸ್ ಬರುತ್ತೆ ಅಂತ ನಾಲ್ಕನೇ ಮಹಡಿಯವರೆಗೆ ಕಾದೆ.

ಅವರು ಫೋನಿನಿಂದ ತಲೆ ಎತ್ತದೆ, "ಕ್ಯಾಲೆಂಡರ್‌ನಲ್ಲಿ ಹಾಕಿಬಿಡು" ಅಂದರು.