ಅವನಿಗೆ ಓದಿಸಬೇಕಲ್ಲ ಎಂಬ ಅಂಜಿಕೆ

ನನ್ನ ಕಥೆಯಲ್ಲಿ ಒಬ್ಬ ಹೆಂಗಸು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕಾಯಿಯ ಬೆಂಕಿಯಂಥ ಖಾರಕ್ಕೆ ಅವಳ ಬೆರಳು ಉರಿಯುತ್ತಿತ್ತು, ಆ ಉರಿ ಹೋಗಿ ಬದುಕಿನ ಉರಿಯ ಜೊತೆ ಸೇರುತ್ತಿತ್ತು. ಬರೆದು ಮುಗಿಸಿದಾಗ ನನಗೇ ಕಣ್ಣು ತುಂಬಿ ಬಂದಿತ್ತು. ಹಾವೇರಿಯ ಗೆಳೆಯ ಓದಿದ, ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ, ಆಮೇಲೆ ಹೇಳಿದ: "ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ. ನಿನ್ನ ನಾಯಕಿಯನ್ನು ಗುಂಟೂರಿನ ಬಸ್ಸು ಹತ್ತಿಸು."

ಹದಿನಾಲ್ಕು ಪುಟದ ಸಂಕಟಕ್ಕೆ ಸಿಕ್ಕ ವಿಮರ್ಶೆ ಇಷ್ಟೇ. ಸಿಟ್ಟು ಬಂತು. ಆ ಸಿಟ್ಟನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮುಂದಿನ ವಾರ ರಜೆ ಹಾಕಿಸಿ ಬ್ಯಾಡಗಿಗೆ ಕರೆದುಕೊಂಡು ಹೋದ. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವನಾದರೂ ನಾನು ಆ ಕಾಯಿಯನ್ನು ನೋಡಿದ್ದು ಪುಡಿಯ ಡಬ್ಬದಲ್ಲಿ. ಅಲ್ಲಿ ದಪ್ಪಗೆ ಗಿಡ್ಡಗಿರುವ ಡಬ್ಬಿ ಯಾವುದು, ಉದ್ದಕ್ಕೆ ಸುಕ್ಕುಗಟ್ಟಿದ ಕಡ್ಡಿ ಯಾವುದು ಎಂದು ಅವನು ಕೈಯಲ್ಲಿ ಹಿಡಿದು ತೋರಿಸಿದ. ಚೀಲಗಳ ನಡುವೆ ಕಾಲು ಚಾಚಿ ಕುಳಿತಿದ್ದ ಒಬ್ಬ ಅಜ್ಜಿಯನ್ನು ಕೈ ಉರಿಯುವುದಿಲ್ಲವೇ ಎಂದು ಕೇಳಿದೆ. ಅವಳು ಅಂಗೈ ತಿರುಗಿಸಿ ತೋರಿಸಿದಳು. ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದಳು, ಬೆರಳ ಸಂದಿಯಲ್ಲೆಲ್ಲ ಕೆಂಪು ಬಣ್ಣ ಇಳಿದಿತ್ತು. ಉರಿ ತನಗೇನೂ ಅಲ್ಲ, ಆದರೆ ಎಷ್ಟು ತೊಳೆದರೂ ಈ ಕೈಯಿಂದ ಮೊಮ್ಮಗನ ಮುಖ ಮುಟ್ಟಲು ಧೈರ್ಯ ಬರುವುದಿಲ್ಲ ಎಂದಳು. ನಾನು ಒಂದು ಹೆಜ್ಜೆ ದೂರ ಹೋಗಿ ನಿಂತೆ. ಗೆಳೆಯ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಬರೆಯುವವರ ಗೆಳೆತನವೆಂದರೆ ಪರಸ್ಪರ ಪ್ರೋತ್ಸಾಹ ಎಂದು ವೇದಿಕೆಯ ಮೇಲೆ ಹೇಳುವವರನ್ನು ಕಂಡರೆ ಈ ಕಾರಣಕ್ಕೇ ನನಗೆ ಅನುಮಾನ. ಪ್ರೋತ್ಸಾಹ ಅಗ್ಗದ ಮಾಲು. ಇಲ್ಲೇ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು ಹಾಕಿ ನೋಡಿ, ಸಂಜೆಯೊಳಗೆ ನಲವತ್ತು ಜನ 'ಅದ್ಭುತ' ಎನ್ನುತ್ತಾರೆ. ಅವರಲ್ಲಿ ಎಷ್ಟು ಜನ ಮೂರನೆಯ ಸಾಲಿನವರೆಗೆ ಬಂದಿದ್ದರು ಎಂದು ಕೇಳಬಾರದು. (ನಾನೂ ಹಾಗೆ ಬರೆದಿದ್ದೇನೆ, ಮೂರನೆಯ ಸಾಲಿಗೆ ಹೋಗದೆ.) ನನ್ನನ್ನು ಮತ್ತೆ ಮತ್ತೆ ಮೇಜಿಗೆ ತಂದು ಕೂರಿಸಿದ್ದು ಆ ನಲವತ್ತು ಜನರಲ್ಲ. ಅವನಿಗೆ ಓದಿಸಬೇಕಲ್ಲ ಎಂಬ ಅಂಜಿಕೆ ಕೂರಿಸಿತು.

ನಾವು ಮೂವರು. ಹಾವೇರಿಯವನು ಶಾಲಾ ಮಾಸ್ತರ, ಕಥೆಗಾರ. ಗದುಗಿನ ಗೆಳತಿ ಕವಿತೆ ಬರೆಯುತ್ತಾಳೆ, ಹೊಟ್ಟೆಪಾಡಿಗೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾಳೆ. ಮದುವೆಯ ಕರೆಯೋಲೆಗಳನ್ನೇ ಸಾವಿರಗಟ್ಟಲೆ ತಿದ್ದಿದ ಅವಳ ಕಣ್ಣಿಗೆ ನನ್ನ ಒಂದು ಅಲ್ಪಪ್ರಾಣವೂ ತಪ್ಪಿಸಿಕೊಳ್ಳುವುದಿಲ್ಲ. ಎರಡು ವಾರಕ್ಕೊಮ್ಮೆ ಭಾನುವಾರ ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಸೇರುತ್ತೇವೆ. ಮಳೆ ಹಿಡಿದರೆ ಯಾವುದಾದರೂ ಚಹಾದಂಗಡಿ. ನನ್ನ ಹಸ್ತಪ್ರತಿಗಳಲ್ಲಿ ಗಿರಮಿಟ್ಟಿನ ಎಣ್ಣೆ ಅಂಟದ ಪುಟ ಸಿಗುವುದು ಕಷ್ಟ.

ಧಾರವಾಡದಲ್ಲಿ ಕೂಡುತ್ತೇವೆ ಎಂದ ಕೂಡಲೇ ಹಿರಿಯರು 'ಗೆಳೆಯರ ಗುಂಪು' ಎಂಬ ಹಳೆಯ ಸಾಹಿತ್ಯ ಕೂಟವನ್ನು ನೆನಪಿಸುತ್ತಾರೆ. ಬೇಂದ್ರೆಯವರು 1922ರಲ್ಲಿ ಕಟ್ಟಿದ್ದು, ಶಂ.ಬಾ. ಜೋಶಿ, ಗೋಕಾಕ, ಮುಗಳಿ, ಬೆಟಗೇರಿ ಕೃಷ್ಣಶರ್ಮ ಎಲ್ಲರೂ ಅದರೊಳಗಿನವರು. ಆ ಹೆಸರುಗಳ ಪಕ್ಕ ನಮ್ಮನ್ನು ಕೂರಿಸಿದರೆ ನಗೆಪಾಟಲು. ಆದರೆ ಅವರು ಕೂಡಿದ್ದೇಕೆ ಎಂದು ಯೋಚಿಸುತ್ತೇನೆ. ಆಗ ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಚೇರಿಯಲ್ಲೂ ಸಭ್ಯರ ಮಾತಿನಲ್ಲೂ ಮರಾಠಿಯ ಮೇಲುಗೈ. ಬೇಂದ್ರೆಯವರ ಮನೆಮಾತೇ ಮರಾಠಿ. ಅಂಥ ಕಾಲದಲ್ಲಿ ಕನ್ನಡದಲ್ಲಿ ಪದ್ಯ ಬರೆದರೆ ಅದನ್ನು ಕೇಳಲು ಕಿವಿ ಬೇಕಿತ್ತು. ಕಿವಿಗಳನ್ನು ಅವರು ಒಟ್ಟು ಮಾಡಿಕೊಂಡರು ಎಂದೇ ನನ್ನ ಎಣಿಕೆ.

ಮುಂದೆ ಅದೇ ಕೆಲಸವನ್ನು ಸುಭಾಸ ರಸ್ತೆಯ ಅಟ್ಟ ಮಾಡಿತು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟ ಅದು. ಗ್ರಂಥಮಾಲೆಗೆ ನಮ್ಮ ಗದುಗಿನ ಕೀರ್ತಿನಾಥ ಕುರ್ತಕೋಟಿಯವರು ಸಲಹೆಗಾರರಾಗಿದ್ದರು. ಆಕ್ಸ್‌ಫರ್ಡಿಗೆ ಹೋದ ಹುಡುಗನೊಬ್ಬನ ಮೊದಲ ನಾಟಕವನ್ನು 1961ರಲ್ಲಿ ಅಚ್ಚು ಹಾಕಿದ್ದು ಈ ಗ್ರಂಥಮಾಲೆಯೇ. ಆ ಹುಡುಗ ಗಿರೀಶ ಕಾರ್ನಾಡ, ನಾಟಕ ಯಯಾತಿ. ಪ್ರತಿಭೆ ಕಾರ್ನಾಡರದ್ದೇ, ಸಂಶಯವಿಲ್ಲ. ಆದರೂ ಸಮುದ್ರದಾಚೆ ಕುಳಿತವನಿಗೆ ಧಾರವಾಡದಲ್ಲಿ ಒಂದು ಅಟ್ಟ ತನ್ನನ್ನು ಓದುತ್ತಿದೆ ಎಂಬುದು ಸಣ್ಣ ಸಂಗತಿಯಾಗಿರಲಿಕ್ಕಿಲ್ಲ.

ಗೆಳೆತನ ಎಂದೆಂದಿಗೂ ಉಳಿಯಬೇಕೆಂಬ ಹಟವೂ ನನಗಿಲ್ಲ. ಚಂಪಾ (ಚಂದ್ರಶೇಖರ ಪಾಟೀಲ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಈ ಮೂವರು ಗೆಳೆಯರು ಸೇರಿ 1964ರಲ್ಲಿ ಸಂಕ್ರಮಣ ಪತ್ರಿಕೆ ಆರಂಭಿಸಿದರು. ಮುಂದೆ ಮೂವರ ದಾರಿಗಳೂ ಬೇರೆ ಬೇರೆಯಾದವು. ಆದರೂ ಒಂದು ಪೀಳಿಗೆಗೆ ಓದಲು, ಜಗಳವಾಡಲು ಅದು ಜಾಗ ಕೊಟ್ಟಾಗಿತ್ತು.

ಈಗ ಒಂದು ನಾಚಿಕೆಯ ಮಾತು. ಕೆಲವು ವರ್ಷಗಳ ಹಿಂದೆ ಒಂದು ದೀಪಾವಳಿ ವಿಶೇಷಾಂಕಕ್ಕೆ ಹಾವೇರಿಯವನೂ ನಾನೂ ಕಥೆ ಕಳುಹಿಸಿದ್ದೆವು. ಅವನದು ಬಂತು, ನನ್ನದು ಬರಲಿಲ್ಲ. ಫೋನಿನಲ್ಲಿ ಅಭಿನಂದಿಸಿದೆ, ಧ್ವನಿ ಚೆನ್ನಾಗಿಯೇ ಇತ್ತು. ಆಮೇಲೆ ಆ ಸಂಚಿಕೆಯನ್ನು ಎಂಟು ದಿನ ಬಿಚ್ಚಲಿಲ್ಲ. ಒಂಬತ್ತನೆಯ ದಿನ ರಾತ್ರಿ, ದೋಷ ಹುಡುಕಲೆಂದೇ ಓದಿದೆ. ಕಥೆ ಚೆನ್ನಾಗಿತ್ತು, ಅದೇ ಕಷ್ಟವಾಯಿತು. ಹೊಟ್ಟೆಕಿಚ್ಚಿನಲ್ಲೇ ಎರಡು ಗಂಟೆಯವರೆಗೆ ಕುಳಿತು ಮೂರು ಪುಟ ಬರೆದೆ. ಅಪರಿಚಿತ ದೊಡ್ಡ ಲೇಖಕರ ಮೇಲೆ ನನಗೆ ಎಂದೂ ಇಂಥ ಕಿಚ್ಚು ಹುಟ್ಟಿಲ್ಲ. ನನ್ನ ಜೊತೆಗೇ ಕುಳಿತು ಅದೇ ಗಿರಮಿಟ್ಟು ತಿಂದವನು ಬರೆಯಬಲ್ಲನಾದರೆ ನನಗೇನು ಧಾಡಿ ಎಂಬ ಪ್ರಶ್ನೆ ಮಾತ್ರ ಚುಚ್ಚುತ್ತದೆ.

ಆ ನಂತರ ಕಚೇರಿಯ ವರ್ಗಾವಣೆ, ತಾಯಿಯ ಕಾಯಿಲೆ ಎಂದು ಎರಡು ವರ್ಷ ಪೆನ್ನು ಮುಟ್ಟದ ಕಾಲವೂ ಬಂತು. ಆಗ ಬರೆಯಿರಿ ಬರೆಯಿರಿ ಎಂದವರಿಗೆಲ್ಲ ಹೂಂಗುಟ್ಟಿ ಸುಮ್ಮನಾದೆ. ಗದುಗಿನವಳು ಹಾಗೆ ಹೇಳಲೇ ಇಲ್ಲ. ಒಂದು ದಿನ ಅವಳ ಸಂಕಲನದ ಕರಡು ಅಂಚೆಯಲ್ಲಿ ಬಂತು, ಜೊತೆಗೊಂದು ಚೀಟಿ: "ಊರವರದ್ದೆಲ್ಲ ನಾನು ತಿದ್ದುತ್ತೇನೆ, ನನ್ನದನ್ನು ತಿದ್ದುವವರು ಯಾರು? ಹತ್ತು ದಿನದಲ್ಲಿ ಬೇಕು." ಕೆಂಪು ಪೆನ್ನು ಹುಡುಕಿದೆ. ಮೂವತ್ತೊಂದನೆಯ ಪುಟದಲ್ಲಿ ಒಂದು ಪದ ತಪ್ಪಾಗಿ ಬಿದ್ದಿದೆ ಎನಿಸಿ ಬೇರೆ ಪದ ಹುಡುಕುತ್ತ ಹೋದೆ. ಸಿಕ್ಕಿದ್ದು ಅವಳ ಕವಿತೆಗೆ ಹೊಂದಲಿಲ್ಲ. ಬಿಸಾಡಲು ಮನಸ್ಸಾಗದೆ ಅದರಿಂದಲೇ ನನ್ನದೊಂದು ಕಥೆಯ ಮೊದಲ ವಾಕ್ಯ ಮಾಡಿಕೊಂಡೆ.

ಬರೀ ಹೊಗಳಿಕೆಯ ಗುಂಪುಗಳನ್ನೂ ಕಂಡಿದ್ದೇನೆ, ಕೆಲಕಾಲ ಒಂದರಲ್ಲಿದ್ದೆ ಕೂಡ. ಒಬ್ಬರಿಗೊಬ್ಬರು ಮುನ್ನುಡಿ, ಒಬ್ಬರಿಗೊಬ್ಬರು ಶಾಲು. ಅಲ್ಲಿ ಯಾರ ಕಥೆಯಲ್ಲೂ ಮೆಣಸಿನಕಾಯಿ ತಪ್ಪಾಗುವುದಿಲ್ಲ, ಏಕೆಂದರೆ ಓದುವವರಿಲ್ಲ.

ತೊಟ್ಟು ಬಿಡಿಸುವವಳ ಕಥೆಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ನಾಲ್ಕು ಪುಟ ಆಗಿದೆ. ಅಜ್ಜಿ ಮನೆಗೆ ಹೋಗಿದ್ದಾಳೆ, ಮೊಮ್ಮಗ ಅಳುತ್ತಿದ್ದಾನೆ, ಅಲ್ಲಿ ನಿಂತಿದೆ. ಹಾವೇರಿಯವನಿಗೆ ಫೋನ್ ಮಾಡಿ ಮುಂದೇನೆಂದು ತೋಚುತ್ತಿಲ್ಲ ಎಂದೆ. ಮತ್ತೊಮ್ಮೆ ಹೋಗೋಣ ಎಂದಿದ್ದಾನೆ. ಈ ಸಲ ನೋಡುತ್ತ ನಿಲ್ಲುವಂತಿಲ್ಲವಂತೆ, ಅರ್ಧ ದಿನ ಕುಳಿತು ತೊಟ್ಟು ಬಿಡಿಸಬೇಕಂತೆ. ಬರುವಾಗ ಕೊಬ್ಬರಿ ಎಣ್ಣೆ ತರಲು ಹೇಳಿದ್ದಾನೆ.